ಬಲ್ಲುದನ್ನು ಹೇಳಬಲ್ಲಿರಾ?

"ಈ ಕೋಣೆಯೊಳಗಿರುವ ಗಾಳಿಯ ತೂಕ ಎಷ್ಟಾದೀತು?"

ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಪದವಿ ಪಡೆದು, ಅಧ್ಯಾಪಕ ವೃತ್ತಿಯನ್ನು ಅರಸಿ ಮೊತ್ತಮೊದಲ ಸಂದರ್ಶನಕ್ಕೆ ಹೋಗಿ ಕುಳಿತಾಗ ಪರೀಕ್ಷಕರು ನಮಗೆ ಕೇಳಿದ ಮೊದಲ ಪ್ರಶ್ನೆ ಇದು. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಕ್ವಾಂಟಂ ಯಂತ್ರಶಾಸ್ತ್ರದ ಸಮೀಕರಣಗಳನ್ನು ಉರು ಹೊಡೆದಿದ್ದೆವು. ಗಾಳಿಯ ತೂಕವನ್ನು ಯಾರಾದರೂ ಕೇಳಿಯಾರೆಂದು ಎಣಿಸಿರಲಿಲ್ಲ. "ಅದು ನಮ್ಮ ಪಠ್ಯಕ್ರಮದಲ್ಲಿ ಇರಲಿಲ್ಲ" ಎಂದುಬಿಟ್ಟೆವು. ಪರೀಕ್ಷಕರು ನಕ್ಕರು. ನೌಕರಿ ಬೇರೊಬ್ಬರಿಗೆ ಹೋಯಿತು.

ಮರಳಿ ಬರುವ ಬಸ್ಸಿನಲ್ಲಿ ಉತ್ತರ ತಾನಾಗಿಯೇ ಹೊಳೆಯಿತು. ಕೋಣೆಯ ಉದ್ದ 6 ಮೀಟರ್, ಅಗಲ 5, ಎತ್ತರ 3 ಇದ್ದೀತು. ಎಂದರೆ ಗಾತ್ರ 90 ಘನಮೀಟರ್. ಒಂದು ಘನಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುತ್ತದೆ. ಗುಣಿಸಿದರೆ 108 ಕಿಲೋಗ್ರಾಂ, ಒಂದು ಕ್ವಿಂಟಲ್ ಅಕ್ಕಿಗಿಂತ ತುಸು ಹೆಚ್ಚೇ! ಗಾಳಿಯ ಸಾಂದ್ರತೆ ನಮಗೆ ಗೊತ್ತಿತ್ತು. ಗುಣಾಕಾರವಂತೂ ಪ್ರಾಥಮಿಕ ಶಾಲೆಯದು. ನಮ್ಮಲ್ಲಿ ಇಲ್ಲದಿದ್ದುದು ಒಂದೇ: ಬಲ್ಲುದನ್ನು ಬೇಕಾದ ಕ್ಷಣದಲ್ಲಿ ನಾಲಿಗೆಗೆ ತಂದುಕೊಳ್ಳುವ ಅಭ್ಯಾಸ.

ಈಗ ನಾವು ಕಾರವಾರದಲ್ಲಿ ಪಾಠ ಹೇಳುತ್ತಿದ್ದೇವೆ. ಅದೇ ಅಭ್ಯಾಸದ ಕೊರತೆಯನ್ನು ವರ್ಷವರ್ಷವೂ ನಮ್ಮ ವಿದ್ಯಾರ್ಥಿಗಳಲ್ಲಿ ಕಾಣುತ್ತಿದ್ದೇವೆ. ಕಾರವಾರ ಅಂಕೋಲೆಗಳ ಹುಡುಗ ಹುಡುಗಿಯರಿಗೆ ಸಂದರ್ಶನವೆಂಬುದು, ಇಲ್ಲಿಯ ಹಿರಿಯರು ಇಂದಿಗೂ 'ಮುಲಾಖತ್ತು' ಎನ್ನುವುದುಂಟು, ಬರಿಯ ಸಂಬಳದ ಮಾತಲ್ಲ. ಕಾಳಿ ನದಿಗೆ ಕದ್ರಾದಲ್ಲಿ ಅಣೆಕಟ್ಟು ಬಂತು. ಅದರ ಹಿನ್ನೀರಿನ ಬದಿಗೆ ಕೈಗಾ ಅಣುವಿದ್ಯುತ್ ಕೇಂದ್ರ ಎದ್ದಿತು. 1986ರ ಅಕ್ಟೋಬರಿನಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. 2005ರಲ್ಲಿ ಅದು 'ಐ.ಎನ್.ಎಸ್. ಕದಂಬ' ಎಂಬ ಹೆಸರಿನಿಂದ ನೌಕಾದಳವನ್ನು ಸೇರಿತು. ಇವುಗಳಿಗಾಗಿ ಎರಡೂ ತಾಲೂಕುಗಳ ಅನೇಕ ಊರುಗಳವರು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟು ಎದ್ದರು. ಅಂಥ ಮನೆಯ ಮಗುವೊಂದು ಓದಿ, ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತಮ್ಮ ನೆಲದ ಮೇಲೆಯೇ ನಿಂತಿರುವ ಸಂಸ್ಥೆಯ ಬಾಗಿಲಿಗೆ ಬಂದು ಇಪ್ಪತ್ತು ನಿಮಿಷದ ಮೌನದಿಂದಾಗಿ ಹಿಂದಿರುಗಿದರೆ ಆ ಮನೆಯವರ ಸಂಕಟ ಎಂಥದೆಂಬುದನ್ನು ನಾವು ಬಲ್ಲೆವು.

ಹಾಗೆ ಕರೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಅಂಕೋಲೆಯ ಕಡೆಯವಳು. ನೌಕಾನೆಲೆಗಾಗಿ ಅವಳ ಅಜ್ಜನ ಕಾಲದ ಮನೆ ಹೋಗಿತ್ತು. ಬಿ.ಎಸ್‌ಸಿ.ಯಲ್ಲಿ ಒಳ್ಳೆಯ ಅಂಕಗಳು. ಅರ್ಜಿ ಹಾಕಿದ್ದುದು ಕೈಗಾದ ತರಬೇತಿ ಹುದ್ದೆಗೆ. ಸಂದರ್ಶನಕ್ಕೆ ಮೂರು ವಾರ ಇರುವಾಗ ಒಂದು ಭಾನುವಾರ ಪ್ರಯೋಗಶಾಲೆಯ ಮೇಜಿನ ಆಚೆ ಅವಳನ್ನು ಕೂರಿಸಿ, ಈಚೆ ನಾವು ಇಬ್ಬರು ಅಧ್ಯಾಪಕರು ಪರೀಕ್ಷಕರಂತೆ ಮುಖ ಬಿಗಿದು ಕುಳಿತೆವು. "ಕೈಗಾದ ರಿಯಾಕ್ಟರಿನಲ್ಲಿ ಭಾರಜಲವನ್ನೇಕೆ ಬಳಸುತ್ತಾರೆ?" ಎಂದೆವು. ಅವಳು ಒಂದು ವಾಕ್ಯ ಹೇಳಿದಳು: "ನ್ಯೂಟ್ರಾನುಗಳ ವೇಗ ತಗ್ಗಿಸಲಿಕ್ಕೆ." "ಸಾಮಾನ್ಯ ನೀರು ತಗ್ಗಿಸದೆ?" ಎಂದೆವು. ಮೌನ. ಹತ್ತು ನಿಮಿಷಗಳಾದ ಮೇಲೆ ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತ, "ಗೊತ್ತಿತ್ತು ಸರ್, ಹೇಳೂಕೆ ಬಂದಿಲ್ಲ" ಎಂದಳು.

ಅವಳ ಮಾತು ನಿಜವಾಗಿತ್ತು. ಕಾಗದದ ಮೇಲೆ ಬರೆಯೆಂದಾಗ ಸೊಗಸಾಗಿ ಬರೆದಳು. ಕೇರಂ ಆಟದಲ್ಲಿ ಒಂದು ಕಾಯಿ ತನ್ನಷ್ಟೇ ತೂಕದ ಇನ್ನೊಂದು ಕಾಯಿಗೆ ನೇರವಾಗಿ ಬಡಿದರೆ ತಾನು ನಿಂತು ಅದನ್ನು ಓಡಿಸುತ್ತದೆ. ತನಗಿಂತ ಬಹಳ ಭಾರವಾದುದಕ್ಕೆ ಬಡಿದರೆ ಬಹುಪಾಲು ವೇಗದಿಂದಲೇ ಹಿಂದಕ್ಕೆ ನೆಗೆಯುತ್ತದೆ. ನ್ಯೂಟ್ರಾನಿನ ತೂಕ ಹೈಡ್ರೋಜನ್ ಬೀಜದ ತೂಕಕ್ಕೆ ಸಮನಾದುದರಿಂದ ಸಾಮಾನ್ಯ ನೀರಿನಲ್ಲಿ ಸುಮಾರು 18 ಡಿಕ್ಕಿಗಳಿಗೇ ಅದರ ಆರ್ಭಟ ಅಡಗುತ್ತದೆ. ಭಾರಜಲದ ಡ್ಯೂಟೀರಿಯಮ್ಮಿಗೆ 25 ಡಿಕ್ಕಿಗಳಾದರೂ ಬೇಕು. ವೇಗ ತಗ್ಗಿಸುವುದೊಂದೇ ಕೆಲಸವಾಗಿದ್ದರೆ ಸಾಮಾನ್ಯ ನೀರೇ ಮೇಲು! ಆದರೆ ಅದು ನ್ಯೂಟ್ರಾನುಗಳನ್ನು ನುಂಗುತ್ತದೆ. ಭಾರಜಲ ನುಂಗುವುದು ಅತ್ಯಲ್ಪ. ಪ್ರಕೃತಿಸಹಜ ಯುರೇನಿಯಮ್ಮಿನಲ್ಲಿ ಸೀಳಲು ಸುಲಭವಾದ 235ರ ಪ್ರಮಾಣ ನೂರಕ್ಕೆ 0.7 ಮಾತ್ರ. ಅಷ್ಟು ಬಡ ಇಂಧನದಿಂದ ಸರಪಳಿ ಕ್ರಿಯೆ ನಡೆಯಬೇಕಾದರೆ ನ್ಯೂಟ್ರಾನುಗಳನ್ನು ಪೋಲು ಮಾಡುವಂತಿಲ್ಲ. ಇದೆಲ್ಲವೂ ಅವಳ ತಲೆಯಲ್ಲಿತ್ತು. ತಲೆಯಿಂದ ಬಾಯಿಗೆ ಬರುವ ದಾರಿಯಲ್ಲಿ ಮಾತ್ರ ಯಾರೂ ನಡೆದಾಡಿರಲಿಲ್ಲ.

ಓದಿದುದು ಹೇಳಲೇಕೆ ಬಾರದು? ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಬೆಳಕು ಬೀರುತ್ತದೆ. ಅವರು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಓದಲು ಕೊಟ್ಟರು. ಕೆಲವನ್ನು ಎರಡು ಬಾರಿ ಓದಿಸಿದರು; ಇನ್ನು ಕೆಲವನ್ನು ಒಮ್ಮೆ ಓದಿಸಿ, ಹಾಳೆಯನ್ನು ಕಿತ್ತುಕೊಂಡು, ನೆನಪಿದ್ದುದನ್ನು ಬರೆಯಿರೆಂದರು. ಐದು ನಿಮಿಷಗಳಾದ ಮೇಲೆ ಪರೀಕ್ಷಿಸಿದಾಗ ಎರಡು ಬಾರಿ ಓದಿದುದೇ ಮೇಲಾಯಿತು: ನೂರಕ್ಕೆ 81, ಇನ್ನೊಂದಕ್ಕೆ 75. ಒಂದು ವಾರ ಕಳೆದ ಮೇಲೆ ತಕ್ಕಡಿ ತಿರುಗಿತು. ಎರಡು ಬಾರಿ ಓದಿದುದರಲ್ಲಿ ಉಳಿದದ್ದು 42; ಓದಿ, ಮುಚ್ಚಿಟ್ಟು, ನೆನೆದುದರಲ್ಲಿ 56. ಪುಸ್ತಕವನ್ನು ಮರಳಿ ಮರಳಿ ಓದಿದಾಗ ವಿಷಯ ಪರಿಚಿತವೆನಿಸುತ್ತದೆ. ಆ ಪರಿಚಯವನ್ನೇ ನಾವು ತಿಳಿವೆಂದು ಭ್ರಮಿಸುತ್ತೇವೆ. ಸಂದರ್ಶನದಲ್ಲಾದರೋ ಪುಸ್ತಕ ಎದುರಿಗೆ ಇರುವುದಿಲ್ಲ, ಪ್ರಶ್ನೆ ಮಾತ್ರ ಇರುತ್ತದೆ.

ಆದುದರಿಂದ ಆ ಹುಡುಗಿಗೆ ನಾವು ಹೇಳಿದ ಮೊದಲ ಪಥ್ಯವೆಂದರೆ ಓದು ಕಡಿಮೆ ಮಾಡುವುದು. (ಅಧ್ಯಾಪಕರು ಇಂಥ ಸಲಹೆ ಕೊಡುವುದು ಅಪರೂಪವೆಂದು ನಮಗೆ ಗೊತ್ತು.) ಅರ್ಧ ಗಂಟೆ ಓದಿದರೆ ಅರ್ಧ ಗಂಟೆ ಪುಸ್ತಕ ಮುಚ್ಚಿಟ್ಟು ಗಟ್ಟಿಯಾಗಿ ಹೇಳಬೇಕು. ಕೇಳುವವರು ಯಾರಾದರೂ ಆಗಬಹುದು. ಅವಳು ಸಂಜೆ ಮೀನಿನ ಬುಟ್ಟಿ ಇಳಿಸಿ ಕುಳಿತ ತಾಯಿಗೆ ರಿಯಾಕ್ಟರಿನ ಕಥೆ ಹೇಳತೊಡಗಿದಳು. ತಾಯಿ ಕೇಳಿದ ಪ್ರಶ್ನೆ ನಮಗಿಂತ ಚೊಕ್ಕವಾಗಿತ್ತು: "ಕರೆಂಟು ಮಾಡೂಕೆ ಅಷ್ಟು ನೀರು ಯಾಕೆ ಬೇಕು?"

ಆ ಪ್ರಶ್ನೆಯಿಂದ ಒಂದು ವಾರದ ಪಾಠವೇ ನಡೆಯಿತೆನ್ನಬೇಕು. ಕೈಗಾದ ನಾಲ್ಕು ಘಟಕಗಳಲ್ಲಿ ಒಂದೊಂದರ ಸಾಮರ್ಥ್ಯ 220 ಮೆಗಾವಾಟ್. ಹಬೆಯಿಂದ ನಡೆಯುವ ಇಂಥ ಸ್ಥಾವರದಲ್ಲಿ ಉತ್ಪನ್ನವಾದ ಉಷ್ಣದ ಸುಮಾರು ನೂರಕ್ಕೆ 30ರಷ್ಟು ಮಾತ್ರ ವಿದ್ಯುತ್ತಾಗುತ್ತದೆ. ಹಾಗಿದ್ದರೆ 220 ಮೆಗಾವಾಟ್ ವಿದ್ಯುತ್ತಿಗೆ ಒಟ್ಟು ಸುಮಾರು 730 ಮೆಗಾವಾಟ್ ಉಷ್ಣ ಬೇಕು. 500 ಮೆಗಾವಾಟಿಗೂ ಮಿಕ್ಕಿದ್ದು ಎಲ್ಲಿಗಾದರೂ ಹೋಗಲೇಬೇಕು. ಅದನ್ನು ಹೊರುವುದೇ ಕದ್ರಾ ಜಲಾಶಯದ ನೀರಿನ ಕೆಲಸ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4,200 ಜೂಲ್ ಸಾಕು. ನೀರು 10 ಡಿಗ್ರಿ ಬಿಸಿಯಾಗುತ್ತದೆಂದು ಹಿಡಿದರೆ, 500 ಮೆಗಾವಾಟನ್ನು 42,000ದಿಂದ ಭಾಗಿಸಬೇಕು: ಸೆಕೆಂಡಿಗೆ ಸುಮಾರು 12,000 ಕಿಲೋಗ್ರಾಂ, ಎಂದರೆ 12 ಟನ್. ಪ್ರತಿ ಸೆಕೆಂಡಿಗೆ ಒಂದು ದೊಡ್ಡ ಟ್ಯಾಂಕರ್ ಲಾರಿಯ ನೀರು, ಅದೂ ಒಂದು ಘಟಕಕ್ಕೆ! ಈ ಲೆಕ್ಕ ಕರಾರುವಾಕ್ಕಾದುದಲ್ಲ. ಕರಾರುವಾಕ್ಕಾಗಿರಬೇಕಾದ ಅಗತ್ಯವೂ ಇಲ್ಲ. ಅಂದಾಜಿನ ಸಂಖ್ಯೆಗಳನ್ನು ಧೈರ್ಯವಾಗಿ ಹಿಡಿದು, ಹಿಡಿದೆನೆಂದು ಬಾಯಿ ಬಿಟ್ಟು ಹೇಳಿ, ಮೆಟ್ಟಿಲು ಮೆಟ್ಟಿಲಾಗಿ ಉತ್ತರಕ್ಕೆ ನಡೆಯುವವನನ್ನು ಕಂಡರೆ ಪರೀಕ್ಷಕರಿಗೆ ಆತನ ವಿಚಾರದ ಕ್ರಮವೇ ಎದುರಿಗೆ ಕಾಣುತ್ತದೆ.

ಕೈಗಾದ ಮೊದಲನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆದು ಆಗ ಲೋಕದಾಖಲೆಯನ್ನು ಸ್ಥಾಪಿಸಿತು. 2020ರಲ್ಲಿ ಕೆನಡಾದ ಡಾರ್ಲಿಂಗ್‌ಟನ್ ಸ್ಥಾವರದ ಘಟಕವೊಂದು ಅದನ್ನು ಮೀರಿತು. ಈ ಸಂಖ್ಯೆಯನ್ನು ಕಾರವಾರದ ಹುಡುಗರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಆದರೆ "ಇಂಧನ ಮುಗಿಯದೆ ಅಷ್ಟು ದಿನ ನಡೆದುದು ಹೇಗೆ?" ಎಂದರೆ ತಡವರಿಸುತ್ತಾರೆ. ಬೇರೆ ಬಗೆಯ ಅನೇಕ ರಿಯಾಕ್ಟರುಗಳನ್ನು ಇಂಧನ ತುಂಬಲು ನಿಲ್ಲಿಸಬೇಕಾಗುತ್ತದೆ. ಭಾರಜಲದ ರಿಯಾಕ್ಟರಿನಲ್ಲಿ ಒಂದೊಂದೇ ಕೊಳವೆಯ ಇಂಧನವನ್ನು, ಯಂತ್ರ ನಡೆಯುತ್ತಿರುವಾಗಲೇ, ಒಂದು ತುದಿಯಿಂದ ಹೊಸದನ್ನು ತಳ್ಳಿ ಇನ್ನೊಂದು ತುದಿಯಿಂದ ಹಳೆಯದನ್ನು ಹೊರದೆಗೆಯಬಹುದು. 962 ಎಂಬುದು ಸುದ್ದಿ. ವಿಜ್ಞಾನವಿರುವುದು ಈ ತಳ್ಳುವಿಕೆಯಲ್ಲಿ.

ಸುದ್ದಿಯನ್ನೇ ತಿಳಿವೆಂದು ಅಳೆಯುವ ಪರೀಕ್ಷಕರೂ ಇಲ್ಲದಿಲ್ಲ. ಥಾಮಸ್ ಎಡಿಸನ್ ಮಹಾಶಯ ತನ್ನಲ್ಲಿ ಕೆಲಸ ಕೇಳಿ ಬಂದ ಪದವೀಧರರಿಗೆ ಸುಮಾರು 150 ಪ್ರಶ್ನೆಗಳ ಪಟ್ಟಿಯೊಂದನ್ನು ಕೊಡುತ್ತಿದ್ದ. ಫ್ರಾನ್ಸಿನ ಗಡಿಗೆ ಹೊಂದಿದ ದೇಶಗಳಾವುವು ಎಂಬಂಥ ಪ್ರಶ್ನೆಗಳು. 1921ರಲ್ಲಿ ಅವು ಪತ್ರಿಕೆಗಳಿಗೆ ಸಿಕ್ಕಿ ದೊಡ್ಡ ಗದ್ದಲವಾಯಿತು. ಅದೇ ವರ್ಷ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನರನ್ನು ಪತ್ರಿಕೆಯವರು ಬಿಡುವರೆ? ಶಬ್ದದ ವೇಗವೆಷ್ಟೆಂದು ಕೇಳಿದರು. ಪುಸ್ತಕಗಳಲ್ಲಿ ಸಿಕ್ಕುವ ಸಂಗತಿಗಳನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲವೆಂಬ ಅರ್ಥದ ಉತ್ತರ ಬಂದಿತೆಂದು ವರದಿಯಾಯಿತು. ನಮ್ಮ ವಿದ್ಯಾರ್ಥಿಗಳು ಈ ಉತ್ತರವನ್ನು ಸಂದರ್ಶನದಲ್ಲಿ ಕೊಡಬಾರದೆಂದು ಮಾತ್ರ ಎಚ್ಚರಿಸುತ್ತೇವೆ. ಐನ್‌ಸ್ಟೈನರು ಆಗ ನೌಕರಿ ಕೇಳಲು ಬಂದಿರಲಿಲ್ಲ!

ಇನ್ನು ಎದೆ ಡವಗುಟ್ಟುವ ವಿಷಯ. ಹೆಸರು ಕೂಗಿದೊಡನೆ ಮೂತ್ರಪಿಂಡಗಳ ಮೇಲೆ ಕುಳಿತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆ ಬೇಗ ಬಡಿಯುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಹುಲಿ ಎದುರಾದಾಗ ಓಡಲು ಸಿದ್ಧವಾದ ದೇಹದ ಏರ್ಪಾಡು ಇದು. ಮೂವರು ಕನ್ನಡಕದ ಹಿರಿಯರು ಎದುರಾದಾಗಲೂ ದೇಹ ಅದನ್ನೇ ಮಾಡುತ್ತದೆ. "ಶಾಂತವಾಗಿರು" ಎಂದು ಮನಸ್ಸಿಗೆ ಹೇಳಿಕೊಂಡರೆ ಅದು ಕೇಳದು. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಮುಂಚೆ, ಭಾಷಣ ಮಾಡುವ ಮುಂಚೆ, ಗಣಿತದ ಪರೀಕ್ಷೆಗೆ ಮುಂಚೆ, ತಮಗೆ ಹುರುಪು ಬಂದಿದೆಯೆಂದು ಹೇಳಿಕೊಂಡವರು ಶಾಂತರಾಗಿರಲು ಯತ್ನಿಸಿದವರಿಗಿಂತ ಚೆನ್ನಾಗಿ ಮಾಡಿದರು. ಕಾರಣ ಸರಳವಾಗಿದೆ. ಭಯದಲ್ಲೂ ಹುರುಪಿನಲ್ಲೂ ಗುಂಡಿಗೆ ಒಂದೇ ರೀತಿ ಬಡಿಯುತ್ತದೆ. ಹೆಸರು ಬದಲಾಯಿಸುವುದು ಬಡಿತವನ್ನು ನಿಲ್ಲಿಸುವುದಕ್ಕಿಂತ ಸುಲಭ. ಬಾಗಿಲ ಹೊರಗೆ ಕುಳಿತಾಗ ಉಸಿರನ್ನು ನಿಧಾನವಾಗಿ, ಒಳಗೆಳೆದುದಕ್ಕಿಂತ ಹೆಚ್ಚು ಹೊತ್ತು, ಹೊರಬಿಡುವುದರಿಂದಲೂ ಬಡಿತ ತುಸು ಇಳಿಯುತ್ತದೆ. ನೀರು ಕುಡಿದು ಒಳಹೋಗುವುದು ಒಳ್ಳೆಯದು. ಉಡುಪಿನ ವಿಷಯದಲ್ಲಿ ನಮಗೆ ಹೆಚ್ಚು ತಿಳಿಯದು. ಇಸ್ತ್ರಿ ಮಾಡಿದ, ಮುಂಚೆ ಒಮ್ಮೆಯಾದರೂ ತೊಟ್ಟು ರೂಢಿಯಾದ ಬಟ್ಟೆ ಸಾಕು.

ಸಂದರ್ಶನಗಳು ಬಹುಮಟ್ಟಿಗೆ ಅಭ್ಯರ್ಥಿಯ ಊರಿನಿಂದಲೇ ಮೊದಲಾಗುತ್ತವೆ. ಅರ್ಜಿಯಲ್ಲಿ ನಾವು ಬರೆದ ಪ್ರತಿಯೊಂದು ಶಬ್ದವೂ ನಾವೇ ಬರೆದುಕೊಟ್ಟ ಪ್ರಶ್ನೆಪತ್ರಿಕೆ. ನೌಕಾದಳದ ಅಧಿಕಾರಿಯಾಗಬೇಕೆಂದು ಬೆಂಗಳೂರಿನಲ್ಲೋ ಭೋಪಾಲದಲ್ಲೋ ಐದು ದಿನಗಳ ಆಯ್ಕೆಗೆ ಹೋಗುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ತುಂಬಿಕೊಟ್ಟ ಮಾಹಿತಿ ಪತ್ರವನ್ನು ಎದುರಿಗಿಟ್ಟುಕೊಂಡೇ ಅಧಿಕಾರಿ ಪ್ರಶ್ನೆಗಳನ್ನು ಕೇಳುತ್ತಾನೆ. 'ಹವ್ಯಾಸ: ಪುಸ್ತಕ ಓದುವುದು' ಎಂದು ಬರೆದು ಕೊನೆಗೆ ಓದಿದ ಪುಸ್ತಕದ ಹೆಸರು ಹೇಳಲಾರದವರನ್ನು ನಾವು ಅಣಕು ಸಂದರ್ಶನಗಳಲ್ಲೇ ಬೇಕಾದಷ್ಟು ಕಂಡಿದ್ದೇವೆ.

"ಅಂಕೋಲೆಯ ವಿಶೇಷವೇನು?" ಎಂದು ಕೇಳಿದಾಗ ನಮ್ಮ ಹುಡುಗಿ ಕರಿ ಈಶಾಡು ಮಾವಿನ ಹೆಸರು ಹೇಳಿದಳು, ಆಮೇಲೆ 1930ರ ಉಪ್ಪಿನ ಸತ್ಯಾಗ್ರಹ. ಸರಿ, ಹಾಗಾದರೆ ಒಂದು ಕಿಲೋಗ್ರಾಂ ಉಪ್ಪಿಗೆ ಎಷ್ಟು ಸಮುದ್ರದ ನೀರು ಬೇಕು? ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವುದರಿಂದ 30 ಲೀಟರಿನಷ್ಟು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಉಷ್ಣ ಬೇಕು. 30 ಲೀಟರಿಗೆ 7 ಕೋಟಿ ಜೂಲಿಗೂ ಮಿಕ್ಕಿ. ಒಂದು ಕಿಲೋಗ್ರಾಂ ಒಣ ಸೌದೆ ಒಂದೂವರೆ ಕೋಟಿ ಜೂಲ್ ಕೊಟ್ಟರೆ, ಒಂದಿಷ್ಟೂ ಪೋಲಾಗದಿದ್ದರೂ, ಐದು ಕಿಲೋಗ್ರಾಂ ಸೌದೆ ಉರಿಸಬೇಕು. ನೆರೆಯ ಕುಮಟಾ ತಾಲೂಕಿನ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬೆಳೆಯುವವರು ಈ ಸೌದೆಯನ್ನು ಸೂರ್ಯನಿಂದ ಪುಕ್ಕಟೆಯಾಗಿ ಪಡೆಯುತ್ತಾರೆ. ಬೇಸಗೆಯಲ್ಲಿ ಒಂದು ಚದರ ಮೀಟರ್ ನೆಲಕ್ಕೆ ಬೀಳುವ ಮೂರು ನಾಲ್ಕು ದಿನಗಳ ಬಿಸಿಲಿನಲ್ಲಿ ಅಷ್ಟು ಉಷ್ಣವಿದೆ. ಇತಿಹಾಸದ ಪ್ರಶ್ನೆಯೊಂದು ಹೀಗೆ ಭೌತಶಾಸ್ತ್ರಕ್ಕೆ ತಿರುಗಿದುದನ್ನು ಕಂಡು ಅವಳು ಮೊದಲ ಬಾರಿಗೆ ನಕ್ಕಳು.

ಎಲ್ಲ ಪ್ರಶ್ನೆಗಳೂ ನಗಿಸುವಂಥವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದುದನ್ನು ವಾಚಕರು ಮರೆತಿರಲಾರರು. ಮಣ್ಣು ಗಂಗಾವಳಿಗೆ ನುಗ್ಗಿ, ಎದುರು ದಂಡೆಯ ಉಳುವರೆಯ ಮನೆಗಳವರೆಗೆ ನೀರೆದ್ದು ಹೊಡೆಯಿತು. ಅಂಕೋಲೆಯವನೆಂದು ತಿಳಿದೊಡನೆ ಯಾವ ಪರೀಕ್ಷಕನಾದರೂ ಇದನ್ನು ಕೇಳಬಹುದು. ನಮ್ಮ ಇನ್ನೊಬ್ಬ ವಿದ್ಯಾರ್ಥಿಗೆ ಕೇಳಿದಾಗ ಅವನಿಗೆ ಗಂಟಲು ಕಟ್ಟಿತು. ಅವನ ಊರು ಅಲ್ಲಿಗೆ ದೂರವಲ್ಲ. ನಾವು ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡೆವು. ಮರುವಾರ ಅವನೇ ಬಂದು, "ಅದನ್ನೇ ಕೇಳಿ ಸರ್" ಎಂದ. ಇಳಿಜಾರಿನ ಮಣ್ಣನ್ನು ಕೆಳಕ್ಕೆ ಎಳೆಯುವುದು ಅದರ ತೂಕ. ಹಿಡಿದು ನಿಲ್ಲಿಸುವುದು ಕಣಕಣಗಳ ನಡುವಣ ಘರ್ಷಣೆ ಮತ್ತು ಅಂಟು. ಮಳೆನೀರು ಇಳಿದಾಗ ತೂಕ ಹೆಚ್ಚುತ್ತದೆ. ರಂಧ್ರಗಳಲ್ಲಿ ತುಂಬಿದ ನೀರು ಕಣಗಳನ್ನು ಒಂದರಿಂದೊಂದು ದೂಡುವುದರಿಂದ ಘರ್ಷಣೆ ಕಡಿಮೆಯಾಗುತ್ತದೆ. ಬುಡವನ್ನು ಕಡಿದಿದ್ದರೆ ಮೇಲಿನದಕ್ಕೆ ಊರುಗೋಲೂ ಇಲ್ಲ. ಇಷ್ಟನ್ನು ಹೇಳಿ, ತಪ್ಪು ಯಾರದೆಂಬುದನ್ನು ನಿರ್ಣಯಿಸುವಷ್ಟು ತನಗೆ ತಿಳಿಯದೆಂದು ನಿಲ್ಲಿಸಿದ. ತಿಳಿಯದೆಂಬ ಮಾತನ್ನು ಎಲ್ಲಿ ಹೇಳಬೇಕೋ ಅಲ್ಲಿ ಹೇಳಿದ ಉತ್ತರ ಅದು. ನಾವು ಅಂದು ಕೇಳಿದ ಉತ್ತರಗಳಲ್ಲಿ ಅತ್ಯುತ್ತಮವಾದುದು.

ಭಾಷೆಯ ತೊಡಕೂ ಉಂಟು. ಮನೆಯಲ್ಲಿ ಕೊಂಕಣಿ ಅಥವಾ ಈ ಕಡೆಯ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ, ಸಂದರ್ಶನದಲ್ಲಿ ಇಂಗ್ಲಿಷು. ವಿಚಾರ ಮೊದಲು ಮನೆಯ ಮಾತಿನಲ್ಲಿ ಸ್ಪಷ್ಟವಾಗಲಿ ಎಂಬುದೇ ನಮ್ಮ ಅಭಿಪ್ರಾಯ. ತಾಯಿಗೆ ತಿಳಿಯುವಂತೆ ಹೇಳಬಲ್ಲವನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಅದನ್ನೇ ಹೇಳಲು ಎರಡು ವಾರ ಸಾಕು. ಹಿಮ್ಮುಖವಾಗಿ ಹೊರಟವರು ಅಲಂಕಾರದ ಇಂಗ್ಲಿಷನ್ನು ಕಲಿತು ವಿಷಯವನ್ನು ದಾರಿಯಲ್ಲೇ ಕಳೆದುಕೊಳ್ಳುತ್ತಾರೆ.

ಕೆಲವರು ಇಲ್ಲದ ಸಂದರ್ಶನಕ್ಕೂ ಹೆದರುವುದುಂಟು. ಕೇಂದ್ರ ಸರಕಾರವು 2016ರ ಜನವರಿ 1ರಿಂದ ಕೆಳಹಂತದ ಬಹುತೇಕ ಹುದ್ದೆಗಳಿಗೆ ಸಂದರ್ಶನವನ್ನು ತೆಗೆದುಹಾಕಿತು. ಅಂಥಲ್ಲಿ ಲಿಖಿತ ಪರೀಕ್ಷೆ, ಕೆಲವೆಡೆ ಕೌಶಲ ಪರೀಕ್ಷೆ ಅಷ್ಟೆ. ಐ.ಟಿ.ಐ. ಮುಗಿಸಿದ ಹುಡುಗರು ಪ್ರಕಟಣೆಯನ್ನು ಮೊದಲು ಪೂರ್ತಿ ಓದಬೇಕು.

ಭೌತಶಾಸ್ತ್ರದವರಾದ ನಮಗೆ ಯಾವ ಅಳತೆಯನ್ನು ಕಂಡರೂ ಅದರ ದೋಷವೆಷ್ಟೆಂದು ಕೇಳುವ ಚಾಳಿ. ಸಂದರ್ಶನವೂ ಒಂದು ಅಳತೆಯೇ. ಸಂದರ್ಶನದ ಅಂಕಕ್ಕೂ ಮುಂದೆ ಕೆಲಸದಲ್ಲಿ ತೋರುವ ಯೋಗ್ಯತೆಗೂ ಪೂರ್ಣ ಹೊಂದಿಕೆಯಿದ್ದರೆ ಅದನ್ನು 1 ಎಂದೂ ಏನೂ ಸಂಬಂಧವಿಲ್ಲದಿದ್ದರೆ 0 ಎಂದೂ ಗಣಿಸುವ ಪದ್ಧತಿಯಿದೆ. ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಕಂಡುಕೊಂಡ ಬೆಲೆಗಳು ಇವು: ಎಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಮಾನದಿಂದ ತೂಗುವ ಸಂದರ್ಶನಕ್ಕೆ 0.42, ಮನಸ್ಸಿಗೆ ಬಂದಂತೆ ಹರಟುವ ಸಂದರ್ಶನಕ್ಕೆ 0.19. ಉತ್ತಮವೆಂದು ಗಣಿಸಿದ ಅಳತೆಗೋಲೇ ಇಷ್ಟು ಒರಟು! ಒಮ್ಮೆ ತಿರಸ್ಕೃತನಾದವನು ತಾನು ಅಯೋಗ್ಯನೆಂದು ತೀರ್ಮಾನಿಸುವುದಕ್ಕೆ ಈ ಉಪಕರಣ ಆಧಾರ ಕೊಡುವುದಿಲ್ಲ. 1958ರಲ್ಲಿ ವಾಯುದಳದ ಚಾಲಕನಾಗಬೇಕೆಂದು ಡೆಹರಾಡೂನಿಗೆ ಹೋದ ಒಬ್ಬ ತರುಣ 25 ಮಂದಿಯಲ್ಲಿ ಒಂಬತ್ತನೆಯವನಾದ. ತೆಗೆದುಕೊಂಡದ್ದು ಎಂಟು ಮಂದಿಯನ್ನು. ನಾಲ್ಕು ವರ್ಷಗಳ ಮೇಲೆ ಮುಂಬಯಿಯಲ್ಲಿ ವಿಕ್ರಮ ಸಾರಾಭಾಯಿಯವರು ಅವನನ್ನು ಇನ್ನೊಂದು ಹುದ್ದೆಗೆ ಸಂದರ್ಶಿಸಿದರು. ಅಲ್ಲಿ ತನಗಿದ್ದ ತಿಳಿವಿಗಿಂತ ತಾನು ಮುಂದೆ ಏನಾಗಬಲ್ಲೆನೆಂಬುದನ್ನೇ ಅವರು ಹುಡುಕುತ್ತಿದ್ದರೆಂದು ಅಬ್ದುಲ್ ಕಲಾಮರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ನಮ್ಮ ಹುಡುಗಿ ಮೂರು ಭಾನುವಾರಗಳ ತರುವಾಯ ಸಂದರ್ಶನಕ್ಕೆ ಹೋಗಿ ಬಂದಳು. ಭಾರಜಲವನ್ನು ಕೇಳಲಿಲ್ಲವಂತೆ, ಉಪ್ಪನ್ನೂ ಕೇಳಲಿಲ್ಲ. "ಅದೇ ಯಂತ್ರ, ಅದೇ ಇಂಧನ; ಆದರೂ ಬೇಸಗೆಗಿಂತ ಚಳಿಗಾಲದಲ್ಲಿ ಸ್ವಲ್ಪ ಹೆಚ್ಚು ವಿದ್ಯುತ್ತು ಸಿಗುವುದೇಕೆ?" ಎಂದು ಒಬ್ಬರು ಕೇಳಿದರಂತೆ. ನಾವು ಯಾರೂ ಹೇಳಿಕೊಟ್ಟಿರದ ಪ್ರಶ್ನೆ. ಅವಳು ಒಂದು ಕ್ಷಣ ಸುಮ್ಮನಿದ್ದು, ತಾಯಿ ಕೇಳಿದ ನೀರಿನಿಂದ ಆರಂಭಿಸಿದಳು: ಜಲಾಶಯದ ನೀರು ತಣ್ಣಗಿದ್ದರೆ ಹಬೆ ಇನ್ನೂ ಕಡಿಮೆ ಉಷ್ಣತೆಯಲ್ಲಿ ತಣಿದು ನೀರಾಗುತ್ತದೆ, ಬಿಸಿಯ ತುದಿಗೂ ತಂಪಿನ ತುದಿಗೂ ಅಂತರ ಹೆಚ್ಚುತ್ತದೆ, ಅಂತರ ಹೆಚ್ಚಿದಷ್ಟೂ ಉಷ್ಣಯಂತ್ರದ ದಕ್ಷತೆ ಹೆಚ್ಚು. "ಕಾರ್ನೋನ ಹೆಸರು ನೆನಪಾಗಲಿಲ್ಲ ಸರ್, ಮರೆತಿದೆ ಅಂತ ಹೇಳಿಬಿಟ್ಟೆ" ಎಂದಳು.

ನಾವು ಇದನ್ನು ಬರೆಯುವ ಹೊತ್ತಿಗೆ ಆಯ್ಕೆಯ ಪಟ್ಟಿ ಇನ್ನೂ ಹೊರಬಿದ್ದಿಲ್ಲ. ಬರುವ ಭಾನುವಾರ ಮತ್ತಿಬ್ಬರಿಗೆ ಅಣಕು ಸಂದರ್ಶನವಿದೆ. ಈ ಸಲ ಮೇಜಿನ ಈಚೆಗೆ ತಾನು ಕೂರುವೆನೆಂದು ಹೇಳಿ ಹೋಗಿದ್ದಾಳೆ.